ಎಬ್ಬಿಸಲು, ಕೂರಿಸಲು, ದಾಟಿಸಲು: ಸ್ನಾಯುಬಲ ಕುಂದುತ್ತಿರುವವರ ಆರೈಕೆಯಲ್ಲಿ ಸಾಧನಗಳ ಬಳಕೆ

ಸಮತಟ್ಟಾದ ನೆಲದ ಮೇಲೆ ಇನ್ನೂ ನಡೆಯಬಲ್ಲವರು ಕುರ್ಚಿಯಿಂದ ಏಳಲಾರದೆ ಮನೆಯವರನ್ನು ಕರೆಯತೊಡಗುವ ದಿನ ಅನೇಕ ಕುಟುಂಬಗಳಿಗೆ ಈ ವಿಷಯ ಮೊದಲ ಬಾರಿ ಎದುರಾಗುತ್ತದೆ. ಸ್ನಾಯುಗಳು ಕ್ಷೀಣಿಸುವ ವಂಶವಾಹಿ ಕಾಯಿಲೆಯಾದ ಮಸ್ಕ್ಯುಲರ್ ಡಿಸ್ಟ್ರೋಫಿಯ ಹಲವು ಬಗೆಗಳಲ್ಲಿ, ಸ್ನಾಯು ಉರಿಯೂತದ ಕಾಯಿಲೆಯಾದ ಇನ್‌ಕ್ಲೂಷನ್ ಬಾಡಿ ಮಯೋಸೈಟಿಸ್‌ನಲ್ಲಿ, ಸ್ನಾಯುಗಳನ್ನು ನಡೆಸುವ ನರಕೋಶಗಳು ನಶಿಸುವ, ಎ.ಎಲ್.ಎಸ್. ಎಂದು ಕರೆಯುವ ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಸ್ನಾಯುಗಳ ಬಲ ಇಳಿಮುಖವಾಗಿಯೇ ಸಾಗುತ್ತದೆ. ಕೆಲವರಲ್ಲಿ ವರ್ಷಗಳು ಹಿಡಿಯುವ ಬದಲಾವಣೆ ಇನ್ನು ಕೆಲವರಲ್ಲಿ ತಿಂಗಳುಗಳಲ್ಲೇ ಆಗಿಬಿಡುತ್ತದೆ. ಮೂಳೆ ಮುರಿದವರನ್ನು ಎತ್ತಿ ಕೂರಿಸುವಾಗ ಇನ್ನು ಕೆಲವು ವಾರಗಳ ಮಾತು ಎಂಬ ಸಮಾಧಾನವಾದರೂ ಇರುತ್ತದೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲವಾದ್ದರಿಂದ, ಇಂದು ಸಾಕಾಗುವ ಸಾಧನ ಮುಂದೆ ಸಾಲದೆ ಹೋಗುತ್ತದೆ ಎಂಬುದನ್ನು ಒಪ್ಪಿಕೊಂಡು, ಅಗತ್ಯ ಬೀಳುವ ಮೊದಲೇ ಮುಂದಿನ ಸಾಧನ ಮನೆಯಲ್ಲಿ ಇರುವಂತೆ ನೋಡಿಕೊಳ್ಳಬೇಕಾಗುತ್ತದೆ. ಬಿದ್ದ ಮೇಲೆ ತಂದ ಸಾಧನವನ್ನು ಆತಂಕದಲ್ಲಿ ಕಲಿಯಬೇಕಾಗುತ್ತದೆ. ಮೊದಲೇ ತಂದದ್ದನ್ನು ನಿಧಾನವಾಗಿ, ನಿಮ್ಮವರ ಅಭಿಪ್ರಾಯ ಕೇಳಿಕೊಂಡು, ಇಬ್ಬರಿಗೂ ಒಗ್ಗುವಂತೆ ಕಲಿಯಬಹುದು.

"ನಾನೇ ಎತ್ತುತ್ತೇನೆ, ನನಗೆ ಶಕ್ತಿಯಿದೆ" ಎನ್ನುವವರಿಗೆ ಒಂದು ಅಂಕಿಯನ್ನು ಹೇಳಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆಯ ಭಾರ ಎತ್ತುವ ಸೂತ್ರವನ್ನು ಆಧರಿಸಿ ಥಾಮಸ್ ವಾಟರ್ಸ್ ಅವರು 2007ರಲ್ಲಿ ಸೂಚಿಸಿದ ಮಿತಿಯಂತೆ, ಆರೈಕೆ ಮಾಡುವವರು ರೋಗಿಯ ದೇಹಭಾರವನ್ನು ಕೈಯಿಂದ ಹೊರುವಾಗ ಎಲ್ಲ ಅನುಕೂಲಗಳಿದ್ದರೂ 35 ಪೌಂಡ್, ಅಂದರೆ ಸುಮಾರು 16 ಕಿಲೋಗ್ರಾಂ ಮೀರಬಾರದು. 60 ಕಿಲೋ ತೂಕದವರ ಒಂದು ಕಾಲೇ ಹತ್ತಿರ ಹತ್ತಿರ 10 ಕಿಲೋ ತೂಗುತ್ತದೆ. ಹೀಗಿರುವಾಗ ಪೂರ್ತಿ ದೇಹವನ್ನು ದಿನಕ್ಕೆ ಹತ್ತಾರು ಬಾರಿ ಎತ್ತಿ ಇಳಿಸುವವರ ಬೆನ್ನು ಬಹಳ ಕಾಲ ಉಳಿಯದು, ಮತ್ತು ಆ ಬೆನ್ನು ಸೋತ ದಿನ ಆರೈಕೆಯೇ ನಿಂತುಹೋಗುತ್ತದೆ. ಸಾಧನವನ್ನು ತರುವುದೆಂದರೆ ಪ್ರೀತಿ ಕಡಿಮೆಯಾಯಿತು ಎಂದಲ್ಲ. ಎತ್ತುವ ಭಾರ ಕೈಯಿಂದ ಇಳಿದ ಮೇಲೆ ಅದೇ ಕೈಗಳು ತಲೆಯನ್ನು ಆನಿಸಲು, ಬಟ್ಟೆಯನ್ನು ಸರಿಪಡಿಸಲು, ಭುಜದ ಮೇಲೆ ಇರಲು ಬಿಡುವಾಗುತ್ತವೆ.

ಯಾವ ಬಲ ಉಳಿದಿದೆ ಎಂಬುದನ್ನು ಮೊದಲು ನೋಡಿ

ಅಂಗಡಿಯಲ್ಲಿ ಏನಿದೆ ಎಂದು ವಿಚಾರಿಸುವ ಮೊದಲು ನಿಮ್ಮವರ ದೇಹದಲ್ಲಿ ಯಾವ ಬಲ ಎಷ್ಟು ಉಳಿದಿದೆ ಎಂಬುದನ್ನು ಗಮನಿಸಿ. ಎದ್ದು ನಿಂತಾಗ ಮೊಣಕಾಲು ಭಾರವನ್ನು ತಡೆಯುತ್ತದೆಯೇ, ಅಥವಾ ಇದ್ದಕ್ಕಿದ್ದಂತೆ ಮಡಚಿಕೊಳ್ಳುತ್ತದೆಯೇ? ಒರಗು ಇಲ್ಲದೆ ಮಂಚದ ಅಂಚಿನಲ್ಲಿ ಕೂರಿಸಿದರೆ ಮುಂಡ ನೆಟ್ಟಗೆ ನಿಲ್ಲುತ್ತದೆಯೇ? ಅಂಗೈ ಊರಿ ದೇಹವನ್ನು ಸ್ವಲ್ಪವಾದರೂ ತಳ್ಳಿಕೊಳ್ಳಬಲ್ಲರೇ? ಕುತ್ತಿಗೆ ತಲೆಯನ್ನು ಹೊರುತ್ತದೆಯೇ? ಅಂಗಾತ ಮಲಗಿದಾಗ ಉಸಿರು ಸಲೀಸಾಗಿ ಆಡುತ್ತದೆಯೇ? ಈ ಪ್ರಶ್ನೆಗಳ ಉತ್ತರವೇ ಸಾಧನವನ್ನು ಆರಿಸಿಕೊಡುತ್ತದೆ. ಮೊಣಕಾಲಿನಲ್ಲಿ ಬಲವಿದ್ದರೆ ನಿಲ್ಲಿಸಿ ದಾಟಿಸುವ ಸಾಧನಗಳು, ಮೊಣಕಾಲು ಸೋತು ಮುಂಡ ಮತ್ತು ತೋಳುಗಳಲ್ಲಿ ಬಲವಿದ್ದರೆ ಕುಳಿತೇ ಜಾರಿಸುವ ಹಲಗೆ, ಇವೆಲ್ಲವೂ ಸೋತಿದ್ದರೆ ದೇಹವನ್ನು ಜೋಲಿಯಲ್ಲಿ ಪೂರ್ತಿ ಎತ್ತುವ ಹಾಯ್ಸ್ಟ್ ಎಂಬ ಯಂತ್ರ ಒಗ್ಗುತ್ತದೆ.

ಇದನ್ನು ನೋಡುವಾಗ ಬಹುತೇಕರು ಮಾಡುವ ತಪ್ಪೆಂದರೆ ಬೆಳಗಿನ ಹೊತ್ತಿನ, ಚೇತನವಿರುವ ಗಳಿಗೆಯ ಬಲವನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು. ರಾತ್ರಿ ನಿದ್ದೆಗಣ್ಣಿನಲ್ಲಿ ಶೌಚಕ್ಕೆ ಹೋಗಬೇಕಾದಾಗ, ಜ್ವರ ಬಂದಾಗ, ಸ್ನಾನ ಮುಗಿಸಿ ದಣಿದಾಗ ಎಷ್ಟು ಬಲವಿರುತ್ತದೆಯೋ ಅದೇ ಸರಿಯಾದ ಅಳತೆ. ನಾಲ್ಕು ಬಾರಿ ಸುರಕ್ಷಿತವಾಗಿ ಎದ್ದವರು ಐದನೆಯ ಬಾರಿ ಕುಸಿದರೆ ಆ ಕ್ರಮ ಸುರಕ್ಷಿತವಾಗಿತ್ತು ಎನ್ನಲಾಗದು. ಫಿಸಿಯೋಥೆರಪಿಸ್ಟ್ ಅಥವಾ, ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳುವ ಕ್ರಮವನ್ನು ಕಲಿಸುವ ಆಕ್ಯುಪೇಶನಲ್ ಥೆರಪಿಸ್ಟ್ ಒಬ್ಬರನ್ನು ಮನೆಗೇ ಕರೆಸಿ, ನಿಮ್ಮದೇ ಮಂಚ, ನಿಮ್ಮದೇ ಬಾಗಿಲು, ನಿಮ್ಮದೇ ಸ್ನಾನದ ಕೋಣೆಯಲ್ಲಿ ಈ ಪರೀಕ್ಷೆ ಮಾಡಿಸಿ. ಆಸ್ಪತ್ರೆಯ ವಿಶಾಲವಾದ ಕೊಠಡಿಯಲ್ಲಿ ಸರಿಹೋದದ್ದು ಮನೆಯ ಇಕ್ಕಟ್ಟಿನಲ್ಲಿ ಹಾಗೆಯೇ ಸರಿಹೋಗಬೇಕೆಂದಿಲ್ಲ.

ಎತ್ತರ ಮತ್ತು ಬೆಲ್ಟ್

ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಉಪಯೋಗವಾಗುವುದು ಕೂರುವ ಜಾಗದ ಎತ್ತರವನ್ನು ಸರಿಪಡಿಸುವುದರಿಂದ. ಮೊಣಕಾಲಿಗಿಂತ ಸೊಂಟ ಕೊಂಚ ಮೇಲಿದ್ದರೆ ತೊಡೆಯ ಮುಂಭಾಗದ ಸ್ನಾಯುವಿನ ಮೇಲೆ ಬೀಳುವ ಹೊರೆ ಗಣನೀಯವಾಗಿ ತಗ್ಗುತ್ತದೆ. ಮಂಚದ ಕಾಲುಗಳ ಕೆಳಗೆ ಗಟ್ಟಿಯಾದ, ತಗ್ಗು ಕೊರೆದ ದಿಮ್ಮಿಗಳನ್ನು ಇಡುವುದು, ಕಮೋಡ್ ಮೇಲೆ ಎತ್ತರದ ಸೀಟನ್ನು ಬಿಗಿಯುವುದು, ಮೆತ್ತನೆಯ ಸೋಫಾವನ್ನು ಬಿಟ್ಟು ಕೈಗಳಿರುವ ಗಟ್ಟಿ ಕುರ್ಚಿಯಲ್ಲಿ ಕೂರಿಸುವುದು, ಇಷ್ಟರಿಂದಲೇ ಕೆಲವರು ಮತ್ತಷ್ಟು ಕಾಲ ತಾವಾಗಿಯೇ ಏಳಬಲ್ಲರು. ಆದರೆ ಕೂತಾಗ ಪಾದ ನೆಲಕ್ಕೆ ತಾಗದಷ್ಟು ಎತ್ತರ ಮಾಡಬಾರದು. ದೀರ್ಘಕಾಲದ ದೃಷ್ಟಿಯಿಂದ ಎತ್ತರವನ್ನು ವಿದ್ಯುತ್ತಿನಿಂದ ಏರಿಸಿ ಇಳಿಸಬಹುದಾದ ಮಂಚವೇ ಉತ್ತಮ. ಏಳುವಾಗ ಮೇಲಕ್ಕೆ, ಗಾಲಿಕುರ್ಚಿಗೆ ಜಾರುವಾಗ ಅದರ ಸಮಕ್ಕೆ, ಮೈ ಒರೆಸುವಾಗ ಆರೈಕೆಯವರ ಸೊಂಟದ ಮಟ್ಟಕ್ಕೆ, ನಿದ್ರಿಸುವಾಗ ನೆಲಕ್ಕೆ ಹತ್ತಿರ, ಹೀಗೆ ಅದು ಕಾಯಿಲೆಯ ಎಲ್ಲ ಹಂತಗಳಲ್ಲೂ ಕೆಲಸಕ್ಕೆ ಬರುತ್ತದೆ. ಒಂದೇ ಒಂದು ದೊಡ್ಡ ವಸ್ತುವನ್ನು ಕೊಳ್ಳಲು ಸಾಧ್ಯವಿದ್ದರೆ ಮೊದಲು ಮಂಚವನ್ನೇ ಕೊಳ್ಳಿ ಎಂಬುದು ನನ್ನ ಅಭಿಪ್ರಾಯ.

ಎಬ್ಬಿಸುವಾಗ ಕಂಕುಳಿಗೆ ಕೈಹಾಕಿ ಎತ್ತುವ ಅಭ್ಯಾಸವನ್ನು ಇಂದೇ ಬಿಡಬೇಕು. ಭುಜದ ಸುತ್ತಲಿನ ಸ್ನಾಯುಗಳು ಸೋತಿರುವಾಗ ಕೀಲನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ಬಲವೇ ಇರುವುದಿಲ್ಲ. ಕಂಕುಳಲ್ಲಿ ಎತ್ತಿದರೆ ಕೀಲು ಜಾರಬಹುದು, ನೋವು ತಿಂಗಳುಗಟ್ಟಲೆ ಉಳಿಯಬಹುದು. ಬಾಲ್ಯದಲ್ಲೇ ಶುರುವಾಗುವ ಡುಶೆನ್ ಬಗೆಯ ಮಸ್ಕ್ಯುಲರ್ ಡಿಸ್ಟ್ರೋಫಿಯ ಮಕ್ಕಳನ್ನು ಹೀಗೆ ಎತ್ತಿದರೆ ಅವರು ಕೈಗಳ ನಡುವಿನಿಂದ ನುಣುಚಿ ಕೆಳಗೆ ಜಾರಿಬಿಡುತ್ತಾರೆ. ತೋಳು ಹಿಡಿದು ಎಳೆಯುವುದೂ, ಅವರ ಕೈಗಳನ್ನು ನಿಮ್ಮ ಕುತ್ತಿಗೆಗೆ ಸುತ್ತಿಸಿಕೊಳ್ಳುವುದೂ ಇಷ್ಟೇ ಅಪಾಯಕರ. ಇವುಗಳ ಬದಲು ಹಿಡಿಕೆಗಳಿರುವ ಅಗಲವಾದ ಟ್ರಾನ್ಸ್‌ಫರ್ ಬೆಲ್ಟನ್ನು ಬಟ್ಟೆಯ ಮೇಲೆ, ಸೊಂಟಕ್ಕೆ, ನಾಲ್ಕು ಬೆರಳು ಒಳಗೆ ಹೋಗುವಷ್ಟು ಸಡಿಲವಲ್ಲದೆ, ಉಸಿರು ಕಟ್ಟುವಷ್ಟು ಬಿಗಿಯೂ ಅಲ್ಲದೆ ಕಟ್ಟಿ. ಬೆಲ್ಟ್ ಇರುವುದು ಸಮತೋಲ ಕಾಯುವುದಕ್ಕೆ ಮತ್ತು ದಿಕ್ಕು ತೋರುವುದಕ್ಕೆ, ಭಾರ ಎತ್ತುವುದಕ್ಕಲ್ಲ. ಅವರನ್ನು ಬೆಲ್ಟಿನಿಂದ ಮೇಲಕ್ಕೆ ಜಗ್ಗಬೇಕಾಗುತ್ತಿದೆ ಎಂದಾದರೆ ಬೆಲ್ಟಿನ ಕಾಲ ಮುಗಿದಿದೆ ಎಂದೇ ತಿಳಿಯಿರಿ. ಹೊಟ್ಟೆಗೆ ಆಹಾರದ ನಳಿಕೆ ಹಾಕಿರುವವರಿಗೆ ಅಥವಾ ಈಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿರುವವರಿಗೆ ವೈದ್ಯರನ್ನು ಕೇಳದೆ ಬೆಲ್ಟ್ ಕಟ್ಟಬಾರದು.

ಜಾರಿಸುವ ಹಲಗೆ

ನಿಲ್ಲಲಾರದವರು, ಆದರೆ ಕೂತಲ್ಲಿ ಸಮತೋಲ ಕಾಯಬಲ್ಲವರು, ಟ್ರಾನ್ಸ್‌ಫರ್ ಬೋರ್ಡ್ ಎಂಬ ನುಣುಪಾದ ಹಲಗೆಯ ಮೇಲೆ ಮಂಚದಿಂದ ಗಾಲಿಕುರ್ಚಿಗೆ ಜಾರಿಕೊಳ್ಳಬಹುದು. ಇದಕ್ಕೆ ಪಕ್ಕದ ಕೈಯನ್ನು ತೆಗೆಯಬಹುದಾದ ಗಾಲಿಕುರ್ಚಿ ಇರಲೇಬೇಕು. ಕುರ್ಚಿಯನ್ನು ಮಂಚಕ್ಕೆ ಸ್ವಲ್ಪ ಓರೆಯಾಗಿ, ಬಲ ಹೆಚ್ಚಿರುವ ಮಗ್ಗುಲಿಗೆ ತಂದು, ಮುಂದಿನ ಚಿಕ್ಕ ಗಾಲಿಗಳು ಮುಂದಕ್ಕೆ ಮುಖಮಾಡುವಂತೆ ನಿಲ್ಲಿಸಿ, ಬ್ರೇಕ್ ಹಾಕಿ, ಪಾದದ ಹಲಗೆಗಳನ್ನು ಬದಿಗೆ ಸರಿಸಿ. ನಿಮ್ಮವರು ಆಚೆ ಮಗ್ಗುಲಿಗೆ ವಾಲಿದಾಗ ಹಲಗೆಯ ಮೂರನೆಯ ಒಂದು ಭಾಗದಷ್ಟನ್ನು ತೊಡೆಯ ಕೆಳಗೆ ಸೇರಿಸಿ. ಇನ್ನೊಂದು ತುದಿ ಕುರ್ಚಿಯ ಸೀಟಿನ ಮೇಲೆ ಭದ್ರವಾಗಿ ಕೂತಿದೆಯೇ, ಹಿಂದಿನ ಗಾಲಿಗೆ ತಾಗದೆ ಇದೆಯೇ ಎಂದು ಕೈಯಿಂದ ಒತ್ತಿ ನೋಡಿ. ಅಂಗೈ ಹಲಗೆಯ ಮೇಲೆ ಚಪ್ಪಟೆಯಾಗಿ ಇರಬೇಕು. ಬೆರಳುಗಳನ್ನು ಅಂಚಿನ ಕೆಳಗೆ ಮಡಚಿದರೆ ದೇಹದ ಭಾರಕ್ಕೆ ಸಿಕ್ಕಿ ಜಜ್ಜಿಹೋಗುತ್ತವೆ. ತಲೆ ಮತ್ತು ಮುಂಡವನ್ನು ಕೊಂಚ ಮುಂದಕ್ಕೆ ಬಾಗಿಸಿ, ಹೋಗಬೇಕಾದ ದಿಕ್ಕಿಗೆ ವಿರುದ್ಧವಾಗಿ ವಾಲಿದರೆ ಸೊಂಟ ತಾನಾಗಿ ಹಗುರವಾಗಿ ಈಚೆಗೆ ಸರಿಯುತ್ತದೆ ಎಂಬುದು ಇಲ್ಲಿಯ ಮರ್ಮ. ಒಂದೇ ಸಲ ಎಳೆಯದೆ ನಾಲ್ಕೈದು ಸಣ್ಣ ಸರಿತಗಳಲ್ಲಿ ಮುಗಿಸಿ. ನೀವು ಎದುರಿಗೆ ಕೂತು ಅಥವಾ ಬಾಗಿ, ನಿಮ್ಮ ಮೊಣಕಾಲಿನಿಂದ ಅವರ ಮೊಣಕಾಲನ್ನು ತಡೆದು ನಿಲ್ಲಿಸಿರಿ.

ಬರಿಮೈಯನ್ನು ಹಲಗೆಯ ಮೇಲೆ ಎಂದೂ ಎಳೆಯಬಾರದು, ಏಕೆಂದರೆ ತೇವವಿರುವ ಚರ್ಮ ಹಲಗೆಗೆ ಅಂಟಿಕೊಂಡು ಒಳಗಿನ ಪದರಗಳು ಜಗ್ಗಿದಂತಾಗುತ್ತವೆ, ಅಲ್ಲಿಂದಲೇ ಒತ್ತಡದ ಹುಣ್ಣು ಶುರುವಾಗುತ್ತದೆ. ಇಳಿಜಾರಿನತ್ತ ಜಾರುವುದು ಸುಲಭ, ಏರಿನತ್ತ ಜಾರುವುದು ಬಹಳ ಕಷ್ಟ. ಸೀಟನ್ನು ಏರಿಸಬಲ್ಲ ಪವರ್ ವ್ಹೀಲ್‌ಚೇರ್ ಇದ್ದರೆ ಎರಡೂ ಕಡೆಯ ಪಯಣ ಸುಲಭವಾಗುತ್ತದೆ.

ಹಾಸಿಗೆಯಲ್ಲೇ ಮೇಲಕ್ಕೆ ಸರಿಸಲು, ಮಗ್ಗುಲು ಬದಲಿಸಲು ಸ್ಲೈಡ್ ಶೀಟ್ ಎಂಬ ನುಣುಪು ನೈಲಾನ್ ಬಟ್ಟೆ ಸಾಕು. ಕೆಲಸ ಮುಗಿದ ಕೂಡಲೇ ಅದನ್ನು ಎಳೆದು ತೆಗೆಯಿರಿ, ಮರೆತು ಬಿಟ್ಟರೆ ಅದರ ಮೇಲೆಯೇ ಜಾರಿ ಮಂಚದಿಂದ ಬೀಳುತ್ತಾರೆ.

ನಿಲ್ಲಿಸುವ ಯಂತ್ರ

ಪಾದವನ್ನು ಹಲಗೆಯ ಮೇಲಿಟ್ಟು, ಮೊಣಕಾಲನ್ನು ಮೆತ್ತೆಗೆ ಆನಿಸಿ, ಬೆನ್ನಿನ ಪಟ್ಟಿಯ ಆಸರೆಯಿಂದ ಮೇಲೆ ಎತ್ತುವ ಸ್ಟ್ಯಾಂಡಿಂಗ್ ಹಾಯ್ಸ್ಟ್ ಶೌಚಕ್ಕೆ ಕರೆದೊಯ್ಯುವಾಗ ಬಟ್ಟೆ ಸರಿಸಲು ಬಹಳ ಅನುಕೂಲಕರ. ಆದರೆ ಕಾಲು ಒಂದಿಷ್ಟು ಭಾರವನ್ನು ಹೊರಬೇಕು, ಕೈ ಹಿಡಿಕೆಯನ್ನು ಹಿಡಿಯಬೇಕು, ಭುಜ ಗಟ್ಟಿಯಿರಬೇಕು. ಬೆನ್ನಿನ ಪಟ್ಟಿ ಕಂಕುಳಿಗೆ ಏರಿ ಅವರು ಅದರಲ್ಲಿ ನೇತಾಡುತ್ತಿದ್ದಾರೆ ಎಂದಾದರೆ, ಅಥವಾ ಕೈ ಹಿಡಿಕೆಯಿಂದ ಜಾರುತ್ತಿದೆ ಎಂದಾದರೆ, ಆ ದಿನವೇ ಈ ಯಂತ್ರದ ಬಳಕೆಯನ್ನು ಬಿಡಿ. ವೇಗವಾಗಿ ಮುಂದುವರಿಯುವ ಎ.ಎಲ್.ಎಸ್.ನಲ್ಲಿ ಈ ಯಂತ್ರ ಉಪಯೋಗಕ್ಕೆ ಬರುವ ಅವಧಿ ಬಹಳ ಚಿಕ್ಕದಾಗಬಹುದಾದ್ದರಿಂದ ಅದನ್ನು ಕೊಳ್ಳುವ ಬದಲು ಬಾಡಿಗೆಗೆ ತರುವುದು, ಅಥವಾ ನೇರವಾಗಿ ಪೂರ್ತಿ ಎತ್ತುವ ಹಾಯ್ಸ್ಟನ್ನೇ ತರುವುದು ಮೇಲು. "ನಿಂತರೆ ವ್ಯಾಯಾಮವಾದೀತು" ಎಂದು ಒತ್ತಾಯದಿಂದ ನಿಲ್ಲಿಸುವವರಿದ್ದಾರೆ. ಕ್ಷೀಣಿಸುತ್ತಿರುವ ಸ್ನಾಯುವನ್ನು ದಣಿಸುವುದರಿಂದ ಅದು ಬಲಗೊಳ್ಳುವುದಿಲ್ಲ, ಉಳಿದ ಶಕ್ತಿ ಊಟಕ್ಕೂ ಮಾತಿಗೂ ಇಲ್ಲದಂತಾಗುತ್ತದೆ.

ಹಾಯ್ಸ್ಟ್ ಮತ್ತು ಸ್ಲಿಂಗ್

ಪೂರ್ತಿ ಎತ್ತುವ ಹಾಯ್ಸ್ಟಿನಲ್ಲಿ ಎರಡು ಬಗೆ. ಗಾಲಿಗಳ ಮೇಲೆ ನೆಲದಲ್ಲಿ ಓಡಾಡುವುದು ಒಂದು, ಛಾವಣಿಗೆ ಬಿಗಿದ ಹಳಿಯ ಮೇಲೆ ಚಲಿಸುವುದು ಇನ್ನೊಂದು. ನೆಲದ ಹಾಯ್ಸ್ಟನ್ನು ತರುವ ಮೊದಲು ಮಂಚದ ಕೆಳಗಿನ ತೆರಪನ್ನು ಅಳೆಯಿರಿ, ಏಕೆಂದರೆ ಅದರ ಉದ್ದನೆಯ ಕಾಲುಗಳು ಮಂಚದಡಿಗೆ ನುಗ್ಗಬೇಕು. ಕೆಳಗೆ ಪೆಟ್ಟಿಗೆಯಿರುವ ಮಂಚದಡಿಗೆ ಅವು ಹೋಗಲಾರವು. ತಿರುಗಿಸಲು ಸುಮಾರು ಒಂದೂವರೆ ಮೀಟರ್ ಜಾಗ ಬೇಕಾಗುತ್ತದೆ, ಜಮಖಾನೆಯ ಮೇಲೆ ಅದನ್ನು ತಳ್ಳುವುದು ಬಹಳ ಪ್ರಯಾಸದ ಕೆಲಸ. ಹೈಡ್ರಾಲಿಕ್ ಪಂಪಿನದು ಅಗ್ಗ, ಆದರೆ ಒಬ್ಬರೇ ಪಂಪು ಮಾಡುತ್ತ ತಲೆಯನ್ನೂ ಹಿಡಿಯಲಾಗದು. ಬ್ಯಾಟರಿಯಿಂದ ನಡೆಯುವುದಾದರೆ ಒಂದು ಕೈ ಬಿಡುವಾಗುತ್ತದೆ. ಛಾವಣಿಯ ಹಾಯ್ಸ್ಟಿಗೆ ನೆಲದ ಜಾಗ ಬೇಕಿಲ್ಲ, ತಳ್ಳುವ ಬಲವೂ ಬೇಕಿಲ್ಲ, ವಯಸ್ಸಾದ ಸಂಗಾತಿಯೂ ನಡೆಸಬಲ್ಲರು. ಛಾವಣಿ ಭಾರವನ್ನು ತಾಳುತ್ತದೆಯೇ ಎಂಬುದನ್ನು ಎಂಜಿನಿಯರ್ ನೋಡಿ ಹೇಳಬೇಕು, ತಾಳದಿದ್ದರೆ ನೆಲದ ಮೇಲೆ ನಿಲ್ಲುವ ಚೌಕಟ್ಟಿಗೆ ಹಳಿಯನ್ನು ಕೂರಿಸಬಹುದು. ಯಾವುದೇ ಆದರೂ ವಿದ್ಯುತ್ತು ಅಥವಾ ಬ್ಯಾಟರಿ ಕೈಕೊಟ್ಟಾಗ ಕೆಳಗಿಳಿಸುವ ತುರ್ತು ವ್ಯವಸ್ಥೆ ಎಲ್ಲಿದೆ ಎಂಬುದನ್ನು ಮೊದಲ ದಿನವೇ ಮಾಡಿ ನೋಡಿ ಕಲಿಯಿರಿ.

ಹಾಯ್ಸ್ಟಿಗಿಂತಲೂ ಹೆಚ್ಚು ಯೋಚಿಸಿ ಆರಿಸಬೇಕಾದದ್ದು ಸ್ಲಿಂಗ್ ಎಂಬ ಜೋಲಿಯನ್ನು, ಏಕೆಂದರೆ ದೇಹಕ್ಕೆ ತಾಗುವುದು, ನೋಯಿಸುವುದು ಅಥವಾ ಸುಖ ಕೊಡುವುದು ಅದೇ. ಕುತ್ತಿಗೆ ಸೋತಿರುವವರಿಗೆ ತಲೆಯ ಆಸರೆಯಿರುವ, ಇಡೀ ಬೆನ್ನನ್ನು ಆವರಿಸುವ ಜೋಲಿ ಬೇಕು. ಶೌಚಕ್ಕೆಂದು ಮಾಡಿದ, ಕೆಳಭಾಗ ತೆರೆದ ಜೋಲಿ ಬಟ್ಟೆ ಬಿಚ್ಚಲು ಸುಲಭವೆಂದು ಆಕರ್ಷಕವಾಗಿ ಕಂಡರೂ, ಮುಂಡದ ಬಲವಿಲ್ಲದವರು ಅದರಿಂದ ಜಾರಿ ಬೀಳಬಹುದು. ಅಳತೆ ದೊಡ್ಡದಾದರೆ ದೇಹ ಒಳಗೆ ಹುದುಗಿ ಕೆಳಗಿನಿಂದ ಜಾರುತ್ತದೆ, ಚಿಕ್ಕದಾದರೆ ತೊಡೆಸಂದಿಯನ್ನು ಕೊರೆಯುತ್ತದೆ. ಎ.ಎಲ್.ಎಸ್.ನಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನ ಉಳಿದಿರುತ್ತದೆ. ಬಟ್ಟೆಯ ಒಂದು ಮಡಿಕೆ ಒತ್ತಿದರೂ ಪೂರ್ತಿ ನೋವಾಗುತ್ತದೆ, ಆದರೆ ಸರಿಸಿಕೊಳ್ಳಲು ಅವರಿಗೆ ಆಗುವುದಿಲ್ಲ. ಹಾಗಾಗಿ ಕೇಳಿ, ಮತ್ತೆ ಕೇಳಿ. ಒಬ್ಬ ತಯಾರಕರ ಜೋಲಿಯನ್ನು ಇನ್ನೊಬ್ಬರ ಹಾಯ್ಸ್ಟಿಗೆ ಸಿಕ್ಕಿಸುವ ಮೊದಲು ಎರಡೂ ಹೊಂದುತ್ತವೆ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಹಾಸಿಗೆಯಲ್ಲಿ ಹಾಕುವಾಗ ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿ, ಅರ್ಧ ಸುತ್ತಿದ ಜೋಲಿಯನ್ನು ಬೆನ್ನಿಗೆ ಸೇರಿಸಿಟ್ಟು, ಇನ್ನೊಂದು ಮಗ್ಗುಲಿಗೆ ಹೊರಳಿಸಿ ಬಿಡಿಸಿಕೊಳ್ಳಿ. ಕೆಳ ಅಂಚು ಬಾಲಮೂಳೆಯ ಮಟ್ಟಕ್ಕೆ, ನಡುಗೆರೆ ಬೆನ್ನುಮೂಳೆಯ ನೇರಕ್ಕೆ ಇರಬೇಕು. ಕಾಲಿನ ಪಟ್ಟಿಗಳನ್ನು ತೊಡೆಯ ಕೆಳಗಿನಿಂದ ತಂದು, ಒಂದರೊಳಗೆ ಇನ್ನೊಂದನ್ನು ತೂರಿಸಿ ಅಡ್ಡ ಹಾಯಿಸಿ ಕೊಕ್ಕೆಗೆ ಸಿಕ್ಕಿಸಿ. ಭುಜದ ಕಡೆ ಗಿಡ್ಡ ಕುಣಿಕೆ, ಕಾಲಿನ ಕಡೆ ಉದ್ದದ ಕುಣಿಕೆ ಹಾಕಿದರೆ ಅವರು ನೆಟ್ಟಗೆ ಕೂತ ಭಂಗಿಗೆ ಬರುತ್ತಾರೆ. ತಿರುಗುಮುರುಗಾದರೆ ಒರಗಿದ ಭಂಗಿ ಬರುತ್ತದೆ. ಎಡಬಲಗಳಲ್ಲಿ ಒಂದೇ ಬಣ್ಣದ ಕುಣಿಕೆ ಇರಲೇಬೇಕು. ಈಗ ಕುಣಿಕೆಗಳು ಬಿಗಿಯಾಗುವಷ್ಟು, ಹಾಸಿಗೆಯಿಂದ ಐದು ಸೆಂಟಿಮೀಟರ್ ಮಾತ್ರ ಎತ್ತಿ ನಿಲ್ಲಿಸಿ: ನಾಲ್ಕೂ ಕೊಕ್ಕೆಗಳನ್ನು ಕಣ್ಣಿನಿಂದ ನೋಡಿ, ಮುಖವನ್ನು ನೋಡಿ, ಕೈಗಳು ಜೋಲಿಯೊಳಗೆ ಇವೆಯೇ ನೋಡಿ, ಕತೀಟರಿನ (ಮೂತ್ರದ ನಳಿಕೆಯ) ಚೀಲ ಮತ್ತು ಆಹಾರದ ನಳಿಕೆ ಎಲ್ಲೂ ಸಿಕ್ಕಿಕೊಂಡಿಲ್ಲವೆಂದು ನೋಡಿ. ಈ ಒಂದು ಕ್ಷಣದ ತಡೆಯನ್ನು ಎಷ್ಟೇ ಅವಸರವಿದ್ದರೂ ಬಿಡಬೇಡಿ. ಎತ್ತುವಾಗ ನೆಲದ ಹಾಯ್ಸ್ಟಿನ ಗಾಲಿಗಳಿಗೆ, ತಯಾರಕರು ಬೇರೆ ರೀತಿ ಹೇಳಿರದಿದ್ದರೆ, ಬ್ರೇಕ್ ಹಾಕುವುದಿಲ್ಲ. ಭಾರದ ಕೇಂದ್ರಕ್ಕೆ ತಕ್ಕಂತೆ ಯಂತ್ರ ತಾನೇ ಸರಿದುಕೊಳ್ಳಬೇಕು. ಸರಿಸುವಾಗ ಅವರನ್ನು ತಗ್ಗಿನಲ್ಲಿಟ್ಟು, ಮುಖ ನಿಮ್ಮ ಕಡೆಗಿರುವಂತೆ ಮಾಡಿ, ಮಂಚದಿಂದ ಪಕ್ಕದ ಕುರ್ಚಿಯವರೆಗಷ್ಟೇ ಒಯ್ಯಿರಿ, ಕೋಣೆಯಿಂದ ಕೋಣೆಗೆ ಗಾಲಿಕುರ್ಚಿಯಲ್ಲೇ ಕರೆದೊಯ್ಯಿರಿ. ಕುರ್ಚಿಗೆ ಇಳಿಸುವಾಗ ಅದನ್ನು ಹಿಂದಕ್ಕೆ ಓರೆ ಮಾಡಿಕೊಂಡರೆ ಸೊಂಟ ಸೀಟಿನ ಹಿಂಬದಿಗೆ ಸರಿಯಾಗಿ ಕೂರುತ್ತದೆ, ಆಮೇಲೆ ಎಳೆದಾಡಬೇಕಾಗುವುದಿಲ್ಲ. ಕೊಕ್ಕೆಯ ಅಡ್ಡಪಟ್ಟಿ ಮುಖಕ್ಕೆ ಬಡಿಯದಂತೆ ಒಂದು ಕೈ ಅದರ ಮೇಲೆಯೇ ಇರಲಿ.

ಉಸಿರಾಟ ದುರ್ಬಲವಾಗಿರುವಾಗ

ಎದೆ ಮತ್ತು ಹೊಟ್ಟೆಯ ನಡುವೆ ಇದ್ದು ಉಸಿರಾಟವನ್ನು ನಡೆಸುವ ವಪೆಯ ಸ್ನಾಯು ಸೋತವರಿಗೆ ಅಂಗಾತ ಮಲಗುವುದೇ ಉಸಿರು ಕಟ್ಟಿಸುತ್ತದೆ. ಜೋಲಿ ಹಾಕಲೆಂದು ಮಂಚವನ್ನು ಸಮತಟ್ಟು ಮಾಡಿ, ಆಮೇಲೆ ಜೋಲಿಯನ್ನು ಹುಡುಕಲು ಹೋಗುವುದು ಅವರಿಗೆ ದೊಡ್ಡ ಹಿಂಸೆ. ಬೇಕಾದುದೆಲ್ಲವನ್ನೂ ಕೈಗೆಟಕುವಂತೆ ಇಟ್ಟುಕೊಂಡ ನಂತರವೇ ತಲೆಯ ಭಾಗವನ್ನು ತಗ್ಗಿಸಿ, ಸಾಧ್ಯವಾದರೆ ತಗ್ಗಿಸದೆಯೇ, ಒರಗಿಸಿ ಕೂರಿಸಿದ ಭಂಗಿಯಲ್ಲೇ ಜೋಲಿ ಹಾಕುವುದನ್ನು ಥೆರಪಿಸ್ಟರಿಂದ ಕಲಿಯಿರಿ. ಕುರ್ಚಿಯಲ್ಲಿ ಹಾಕಲು ಮುಂದಕ್ಕೆ ಬಾಗಿಸುವಾಗ ತಲೆ ಎದೆಯ ಮೇಲೆ ಬೀಳದಂತೆ ಹಣೆಗೆ ಇನ್ನೊಬ್ಬರ ಅಂಗೈ ಆಸರೆಯಾಗಿರಬೇಕು. ಮಾಸ್ಕ್ ಮೂಲಕ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರವನ್ನು ಬಳಸುವವರಾದರೆ ಅದರ ಕೊಳವೆ ಮಂಚದಿಂದ ಕುರ್ಚಿಯವರೆಗೆ ಎಟಕುತ್ತದೆಯೇ, ಮಾಸ್ಕ್ ತೆಗೆದು ಎಷ್ಟು ಹೊತ್ತು ಇರಬಲ್ಲರು ಎಂಬುದನ್ನು ವೈದ್ಯರಿಂದ ತಿಳಿದಿರಿ. ಊಟವಾದ ಕೂಡಲೇ ಎತ್ತಬೇಡಿ. ಮಾತು ನಿಂತಿರುವವರೊಂದಿಗೆ "ನಿಲ್ಲಿಸಿ" ಎಂಬುದಕ್ಕೆ ಒಂದು ಸಂಕೇತವನ್ನು, ಉದಾಹರಣೆಗೆ ಕಣ್ಣನ್ನು ಗಟ್ಟಿಯಾಗಿ ಮುಚ್ಚುವುದನ್ನು, ಮೊದಲೇ ಒಪ್ಪಿಕೊಂಡಿರಿ. ಎತ್ತುವ ಹೊತ್ತಿನುದ್ದಕ್ಕೂ ಒಬ್ಬರ ದೃಷ್ಟಿ ಅವರ ಕಣ್ಣಿನ ಮೇಲೇ ಇರಲಿ.

ಬಿದ್ದರೆ

ಕೂಡಲೇ ಎತ್ತಲು ಹೋಗಬೇಡಿ. ನೆಲದ ಮೇಲೆಯೇ ದಿಂಬು ಕೊಟ್ಟು, ಹೊದಿಸಿ, ನೋವು ಎಲ್ಲಿದೆ, ಕಾಲು ಗಿಡ್ಡವಾಗಿ ಅಥವಾ ತಿರುಚಿಕೊಂಡು ಕಾಣುತ್ತಿದೆಯೇ, ತಲೆಗೆ ಪೆಟ್ಟಾಗಿದೆಯೇ ನೋಡಿ. ಅನುಮಾನವಿದ್ದರೆ ಅಲುಗಿಸದೆ ಆಂಬುಲೆನ್ಸ್ ಕರೆಯಿರಿ. ಗಾಯವಿಲ್ಲವೆಂದು ಖಚಿತವಾದರೆ ನೆಲದವರೆಗೆ ಇಳಿಯಬಲ್ಲ ಹಾಯ್ಸ್ಟಿನಿಂದ, ಅಥವಾ ಗಾಳಿ ತುಂಬಿದಂತೆ ಪದರ ಪದರವಾಗಿ ಏರುವ ಲಿಫ್ಟಿಂಗ್ ಕುಶನ್ನಿನಿಂದ ಎತ್ತಬಹುದು. ಕುಶನ್ನಿನ ಮೇಲೆ ಕೂರಲು ಮುಂಡದ ಸಮತೋಲ ಅಥವಾ ಬೆನ್ನಿಗೆ ಆಸರೆ ಬೇಕು. ಡುಶೆನ್ ಇರುವ ಮಕ್ಕಳು ಮತ್ತು ಯುವಕರಲ್ಲಿ, ಬಿದ್ದ ನಂತರದ ಗಂಟೆಗಳಲ್ಲಿ ಅಥವಾ ಎರಡು ಮೂರು ದಿನಗಳಲ್ಲಿ ಉಸಿರಾಟದ ತೊಂದರೆ ಇಲ್ಲವೇ ಗೊಂದಲ, ಮಂಪರು ಕಂಡುಬಂದರೆ ಅದು ಮೂಳೆಮಜ್ಜೆಯ ಕೊಬ್ಬು ರಕ್ತನಾಳವನ್ನು ಸೇರಿದ ಲಕ್ಷಣವಾಗಿರಬಹುದು, ಮೂಳೆ ಮುರಿಯದಿದ್ದರೂ ಇದು ಆಗಬಹುದು. ಆಸ್ಪತ್ರೆಗೆ ತಡಮಾಡದೆ ಕರೆದೊಯ್ದು, ಬಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಿ.

ಸ್ನಾನ ಶೌಚಗಳಿಗೆ, ಕಮೋಡಿನ ಮೇಲೆ ನೇರವಾಗಿ ಸರಿಯುವ ಗಾಲಿಯ ಶವರ್ ಕುರ್ಚಿ ಇದ್ದರೆ ಮಂಚದಿಂದ ಒಮ್ಮೆ ದಾಟಿಸಿ ಎರಡೂ ಕೆಲಸ ಮುಗಿಸಿ ಹಿಂದಿರುಗಬಹುದು. ದಿನದ ಒಟ್ಟು ಎತ್ತುವಿಕೆಗಳನ್ನು ಎಣಿಸಿ ನೋಡಿ, ಎಷ್ಟನ್ನು ಹೀಗೆ ಕೂಡಿಸಿ ಕಡಿಮೆ ಮಾಡಬಹುದೋ ಅಷ್ಟೂ ಇಬ್ಬರ ಮೈಗೂ ಒಳ್ಳೆಯದು.

ಯಂತ್ರದ ಮೇಲೆ ನಮೂದಿಸಿದ ಸುರಕ್ಷಿತ ಭಾರ ನಿಮ್ಮವರ ಈಗಿನ ತೂಕಕ್ಕಿಂತ ಹೆಚ್ಚಿರಬೇಕು. ಹಾಯ್ಸ್ಟುಗಳಿಗೆ ಸಂಬಂಧಿಸಿದ ಐ.ಎಸ್.ಒ. 10535 ಎಂಬ ಅಂತಾರಾಷ್ಟ್ರೀಯ ಮಾನದಂಡ ಕನಿಷ್ಠ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕೆನ್ನುತ್ತದೆ. ಜೋಲಿಯನ್ನಾದರೋ ಪ್ರತಿ ಸಲವೂ ನೋಡಬೇಕು: ಹೊಲಿಗೆ ಬಿಟ್ಟಿದ್ದರೆ, ಕುಣಿಕೆಯ ನೂಲು ಎದ್ದಿದ್ದರೆ, ಅಳತೆ ಮತ್ತು ಭಾರ ಬರೆದ ಚೀಟಿ ಓದಲಾಗದಂತೆ ಅಳಿಸಿಹೋಗಿದ್ದರೆ ಅದನ್ನು ಬಳಸಬೇಡಿ. ಯಾವ ಜೋಲಿಯನ್ನೂ ಬ್ಲೀಚ್ ಹಾಕಿ ಒಗೆಯಬೇಡಿ. ಸರಿಯಾಗಿ ಹೊಂದಿದ ದಿನ ಯಾವ ಬಣ್ಣದ ಕುಣಿಕೆ ಭುಜಕ್ಕೆ, ಯಾವುದು ಕಾಲಿಗೆ, ದಿಂಬು ಎಲ್ಲಿ, ಕೈ ಹೇಗೆ ಎಂಬುದನ್ನು ಫೋಟೋ ತೆಗೆದು, ಕೆಳಗೆ ನಿಮ್ಮವರೇ ಹೇಳಿದ ಮಾತುಗಳಲ್ಲಿ ಬರೆದು, ಹಾಯ್ಸ್ಟಿನ ಕಂಬಕ್ಕೆ ಅಂಟಿಸಿ. ನೀವು ಇಲ್ಲದ ರಾತ್ರಿ ಬೇರೆಯವರು ಎತ್ತಬೇಕಾಗಿ ಬಂದಾಗ, ಮಾತನಾಡಲಾರದ ಅವರ ಪರವಾಗಿ ಆ ಹಾಳೆ ಮಾತನಾಡುತ್ತದೆ.